ಮೆಟ್ಟಿಲಿಲ್ಲದ ಜೇಜುರಿ

“ಅಲ್ರೀ, ಹಡಗ ಮುಳಗಿಸಿದಾಂವ ಅಂತೀರಿ. ಮತ್ತ ಕುದರಿ ಮ್ಯಾಲೆ ಯಾಕ ಕೂತಾನ?” ಎಂದು ಪೂರ್ವಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಲೇ ಕೇಳಿದಳು.

ಗಂಡ ಮಧುಕರ ಹುದ್ದಾರ ಈ ಪ್ರಶ್ನೆಗೆ ಹೆದರಿ ಈಚೆಗೆ ಗಲ್ಲಿ ಬದಲಿಸಿ ಓಡಾಡುತ್ತಿದ್ದ. ಹಾಲಿನವನು ಕೇಳಿದ್ದ. ಕ್ಷೌರದವನು ಕತ್ತರಿ ನಿಲ್ಲಿಸಿ ಕೇಳಿದ್ದ. ಧನಕವಡಿಯಲ್ಲಿರುವ ಅವನ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಯುತ್ತಿದ್ದ ಹೆಂಗಸೊಬ್ಬಳು ಬ್ರೇಕು ಒತ್ತಬೇಕಾದ ಗಳಿಗೆಯಲ್ಲೇ ಇದನ್ನು ಕೇಳಿ, ಉತ್ತರಕ್ಕಾಗಿ ಅವನ ಕಡೆ ತಿರುಗಿ, ಕಾರನ್ನು ಸೊಪ್ಪಿನ ಗಾಡಿಗೆ ಮುಟ್ಟಿಸಿದ್ದಳು.

“ನಿನಗ ಇತಿಹಾಸ ತಿಳಿಯೂದಿಲ್ಲ,” ಎಂದ ಮಧುಕರ, ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ. “ಪುಣೇದಾಗ ಪುತಳಿ ಅಂದಮ್ಯಾಲೆ ಕುದರಿ ಇರಬೇಕು. ಕುದರಿ ಇಲ್ಲದ ಹಂಗ ನಿಂದ್ರಿಸಿದ್ರ, ಯಾರೋ ಬಸ್ಸಿಗೆ ಕಾಯಲಿಕ್ಕತ್ತಾನ ಅಂತ ಜನಾ ತಿಳೀತಾರ.”

ಸಂಗತಿ ಇಷ್ಟು. ಸರದಾರ ಭಿವಾಜಿರಾವ್ ಪಾಣಕರ ಎಂಬ ವೀರ ಹಿಂದೊಂದು ಕಾಲದಲ್ಲಿ, ಕೊಂಕಣದ ಒಂದು ಕೊಲ್ಲಿಯಲ್ಲಿ, ನಾಲ್ಕಾರು ದೋಣಿ ಕಟ್ಟಿಕೊಂಡು ಹೋಗಿ ಪರದೇಶದವರ ತೋಪಿನ ಹಡಗನ್ನು ಮುಳುಗಿಸಿದನಂತೆ. ಯಾವ ಕಾಲ, ಯಾವ ಕೊಲ್ಲಿ ಎನ್ನುವ ವಿಚಾರದಲ್ಲಿ ಸ್ಮಾರಕ ಸಮಿತಿಯ ಇಬ್ಬರು ಇತಿಹಾಸಕಾರರ ನಡುವೆ ಮಾತುಕತೆಯೇ ನಿಂತುಹೋಗಿತ್ತು. ತಾನು ಅದೇ ಸರದಾರನ ವಂಶದವನೆಂದು ಮಹಾನಗರಪಾಲಿಕೆಯ ನಗರಸೇವಕ ಲೋಕನಾಥರಾವ್ ಪಾಣಕರನಿಗೆ ಚುನಾವಣೆ ಹತ್ತಿರ ಬಂದಾಗ ಹೊಳೆಯಿತು. ಪುಣೆಯಲ್ಲಿ ಸಮುದ್ರವಿಲ್ಲ; ಆದರೆ ಧನಕವಡಿ ದಾಟಿದರೆ ಒಂದು ಕೆರೆಯಿದೆ. ನೀರು ಎಂದರೆ ನೀರು ಎಂದು ಸಮಿತಿ ಒಮ್ಮತದಿಂದ ಒಪ್ಪಿತು. ಹಡಗಿನ ಮೇಲೆ ನಿಂತ ಪುತ್ಥಳಿ ಮಾಡಲು ಶಿಲ್ಪಿ ಒಂದು ವರ್ಷ ಕೇಳಿದ. ಬೇರೆ ಯಾವುದೋ ಊರಿನವರು ಬೇಡವೆಂದು ಬಿಟ್ಟುಹೋದ ಒಂದು ಕುದುರೆ ಮಾತ್ರ ಅವನ ಶೆಡ್ಡಿನಲ್ಲಿ ತಯಾರಾಗಿ ನಿಂತಿತ್ತು. ಸರಿ, ಸರದಾರನನ್ನು ಕುದುರೆ ಹತ್ತಿಸಿದರು. ಮುಂಗಾಲುಗಳ ಕೆಳಗೆ ಸುರುಳಿ ಸುರುಳಿಯಾದ ಒಂದು ಸಿಮೆಂಟಿನ ತೆರೆ ಮಾಡಿ, ಅದನ್ನು ಸಮುದ್ರವೆಂದು ಮಂಜೂರು ಮಾಡಿದರು.

ಈ ಸಮಿತಿಯಲ್ಲಿದ್ದ ಒಬ್ಬನೇ ಕನ್ನಡಿಗ ನಮ್ಮ ಮಧುಕರ. ಅಧ್ಯಕ್ಷಗಿರಿಯಿಂದ ಹಿಡಿದು ಪೆಂಡಾಲಿನವರೆಗೆ ಎಲ್ಲ ಕೆಲಸಗಳೂ ಹಂಚಿಹೋದ ಮೇಲೆ ಪರದೆ ಉಳಿದಿತ್ತು. ಅನಾವರಣದ ದಿನ ಮಂತ್ರಿಗಳು ಹಗ್ಗ ಎಳೆದ ಕೂಡಲೇ ಪುತ್ಥಳಿಯ ಮೇಲಿನ ಬಟ್ಟೆ ಜಾರಿ ಬೀಳಬೇಕಲ್ಲ, ಆ ವ್ಯವಸ್ಥೆ. ಮಧುಕರ ಅದನ್ನು ಎರಡೂ ಕೈಯಿಂದ ಬಾಚಿಕೊಂಡ. ಯಾಕೆಂದರೆ ಕೆಲಸ ಹೊತ್ತ ಪ್ರತಿಯೊಬ್ಬನ ಹೆಸರನ್ನೂ ಅಮೃತಶಿಲೆಯ ಫಲಕದಲ್ಲಿ ಕೆತ್ತಿಸುವುದಾಗಿ ಠರಾವಾಗಿತ್ತು. ಫಲಕ ಬಂದೂ ಆಗಿತ್ತು. ಪುತ್ಥಳಿಯ ಪೀಠದ ಬುಡದಲ್ಲಿ ಮೊಣಕಾಲೆತ್ತರಕ್ಕೆ ಓರೆಯಾಗಿ ಕೂರಿಸಿದ ಆ ಕಲ್ಲಿನ ಕಟ್ಟಕಡೆಯ ಸಾಲಿನಲ್ಲಿ, ಬಲಗಡೆಯ ಮೂಲೆಯಲ್ಲಿ, ‘ಪರದೆ ವ್ಯವಸ್ಥೆ: ಮಧುಕರ ಹುದ್ದಾರ’ ಎಂದು ಮರಾಠಿಯಲ್ಲಿ ಕೆತ್ತಿತ್ತು. ಅದರ ಫೋಟೋ ಅವನ ಮೊಬೈಲಿನಲ್ಲಿತ್ತು. ಕಾರು ಕಲಿಯಲು ಬಂದವರಿಗೆ ಗೇರು ತೋರಿಸುವುದಕ್ಕಿಂತ ಮೊದಲು ಅವನು ಅದನ್ನು ತೋರಿಸುತ್ತಿದ್ದ.

“ಅದಿರಲಿ,” ಎಂದಳು ಪೂರ್ವಾ, ತಟ್ಟೆ ಮುಂದಿಡುತ್ತ. “ಅತ್ಯಾ ಮುಂಜಾನೆಯಿಂದ ಭಂಡಾರದ ಚೀಲಾ ತೊಡೀ ಮ್ಯಾಲೆ ಇಟಗೊಂಡು ಕೂತಾರ. ಇವತ್ತರೆ ಕರಕೊಂಡು ಹೋಗ್ತೀರೋ ಇಲ್ಲೋ?”

ಅತ್ಯಾ ಎಂದರೆ ಮಧುಕರನ ಸೋದರತ್ತೆ ಗಂಗೂಬಾಯಿ. ಖಾನಾಪುರದಿಂದ ಕಣ್ಣಿನ ಆಪರೇಷನ್ನಿಗೆಂದು ಬಂದವಳು. ಕಣ್ಣು ಬಂದರೆ ಜೇಜುರಿಗೆ ಹೋಗಿ ಖಂಡೋಬಾನ ಮೇಲೆ, ಅವಳ ಬಾಯಲ್ಲಿ ಮೈಲಾರಲಿಂಗನ ಮೇಲೆ, ಅರಿಷಿಣದ ಭಂಡಾರ ಹಾರಿಸುತ್ತೇನೆಂದು ಹರಕೆ ಹೊತ್ತಿದ್ದಳು. ಕಣ್ಣು ಬಂದಿತ್ತು. ದವಾಖಾನೆಯವರು ಕೊಟ್ಟ ಕಪ್ಪು ಚಷ್ಮಾ ಹಾಕಿಕೊಂಡು ಅವಳು ಗೋಡೆಯ ಮೇಲಿನ ಹಲ್ಲಿಯನ್ನೂ ಎಣಿಸುತ್ತಿದ್ದಳು. ಹರಕೆ ಮಾತ್ರ ಮಧುಕರನ ಪರದೆಯ ಕೆಲಸದಿಂದಾಗಿ ದಿನ ದಿನ ಮುಂದೆ ಹೋಗುತ್ತಿತ್ತು.

“ಇವತ್ತ ಸೋಮವತಿ ಅಮಾಸಿ,” ಎಂದು ಒಳಗಿನಿಂದ ಗಂಗೂಬಾಯಿ ಕೂಗಿದಳು. “ಇವತ್ತ ಹಾರಿಸಲಿಲ್ಲಂದ್ರ ದೇವರು ಕೊಟ್ಟ ಕಣ್ಣ ವಾಪಸ್ ತೊಗೋತಾನ. ಆಮ್ಯಾಲೆ ನಿನ್ನ ಕಲ್ಲಿನ ಮ್ಯಾಲಿನ ಹೆಸರು ನಾ ಕೈಲೆ ಮುಟ್ಟಿ ಓದಬೇಕಾಗ್ತದ ನೋಡು.”

ಮಧುಕರ ಕಾರು ತೆಗೆದ.

ಡ್ರೈವಿಂಗ್ ಸ್ಕೂಲಿನ ಕಾರು ಬೇರೆ ಕಾರುಗಳಂತಲ್ಲ. ಕಲಿಸುವವನ ಕಾಲಿಗೂ ಒಂದು ಬ್ರೇಕು ಇರುತ್ತದೆ. ಮಧುಕರ ಯಾವಾಗಲೂ ಕೂರುವ ಎಡಗಡೆಯ ಆ ಸೀಟಿನಲ್ಲಿ ಇವತ್ತು ಅತ್ಯಾ ಕುಳಿತಿದ್ದಳು.

“ಕಾಲಿಡಲಿಕ್ಕೆ ಛಲೋ ಮಣೆ ಮಾಡ್ಯಾರಲ್ಲೋ,” ಎಂದು ಮೆಚ್ಚಿ, ಅವಳು ಎರಡೂ ಕಾಲನ್ನು ಬ್ರೇಕಿನ ಮೇಲಿಟ್ಟಳು.

ಕಾರು ಹೊರಟ ಜಾಗದಲ್ಲೇ ನಿಂತಿತು. ಕಾಲು ತೆಗೆಯಿಸಿದರೆ, ಎದುರು ಎಮ್ಮೆ ಕಂಡಾಗ ಇಟ್ಟಳು. ರಿಕ್ಷಾ ಕಂಡಾಗ ಇಟ್ಟಳು. ಹೊಸ ಕಣ್ಣಲ್ಲವೇ, ಎಲ್ಲವೂ ಮೈಮೇಲೆಯೇ ಬಂದಂತೆ ಕಾಣುತ್ತಿತ್ತು. ಸೋಮವತಿ ಎಂದು ಇಡೀ ಪುಣೆ ಜೇಜುರಿಯ ದಾರಿ ಹಿಡಿದಿತ್ತು. ಆ ಮೆರವಣಿಗೆಯ ನಡುವೆ ಕಲಿಯುವವರ ಕೆಂಪು ಫಲಕ ಹೊತ್ತ ಈ ಕಾರು ಬಿಕ್ಕುತ್ತ ಬಿಕ್ಕುತ್ತ ಸಾಗಿತು. ಹಿಂದಿನವರು ಹಾರ್ನು ಹೊಡೆದು ಸಾಕಾಗಿ, ಕಡೆಗೆ ಪಕ್ಕಕ್ಕೆ ಬಂದು, “ಆಜಿ, ಎಂಟು ಹಾಕಲು ಕಲಿತಿರಾ?” ಎಂದು ಗಂಗೂಬಾಯಿಯನ್ನೇ ವಿಚಾರಿಸಿ ಹೋಗತೊಡಗಿದರು.

ಬಿಸಿಲು ಏರಿದಂತೆ ಅತ್ಯಾನಿಗೆ ನಿದ್ದೆ ಹತ್ತಿತು. ನಿದ್ದೆಯಲ್ಲಿ ಕಾಲು ಚಾಚಿದಳು. ಕಾರು ಗಕ್ಕನೆ ನಿಂತಿತು. ನಿಂತದ್ದು ನೆಟ್ಟಗೆ ಕೆರೆಯ ಸ್ಮಾರಕದ ಎದುರಿಗೆ.

ಇದು ದೈವ ಸಂಕೇತವೆಂದೇ ಮಧುಕರನಿಗೆ ತೋರಿತು. ಗಂಟನ್ನು ಒಮ್ಮೆ ನೋಡಿಬಿಡೋಣ ಎಂದು ಇಳಿದ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಆ ಗಂಟು ಅವನ ಸ್ವಂತ ಸಂಶೋಧನೆ. ಮನೆಯಲ್ಲಿ ಪೂರ್ವಾಳ ಒಣಹಾಕಿದ ಸೀರೆಗಳ ಮೇಲೆ ಅಭ್ಯಾಸ ಮಾಡಿ ಸಿದ್ಧಿಸಿಕೊಂಡದ್ದು. ಪರೀಕ್ಷೆಗಾಗಿ ಅವನು ಹಗ್ಗವನ್ನು ಒಂದಿಷ್ಟೇ, ಮಗುವಿನ ಕಿವಿ ಹಿಂಡುವಷ್ಟೇ ಮೆಲ್ಲಗೆ ಎಳೆದ.

ಸಂಶೋಧನೆ ಯಶಸ್ವಿಯಾಯಿತು. ಇಡೀ ಬಟ್ಟೆ ಝರ್ರೆಂದು ಜಾರಿ ಅವನ ತಲೆಯ ಮೇಲೆ ಬಿತ್ತು.

ಬಟ್ಟೆಯೊಳಗೆ ದಾರಿ ಹುಡುಕುತ್ತಿದ್ದ ಮಧುಕರನಿಗೆ ಕಾರಿನ ಬಾಗಿಲು ತೆರೆದ ಸಪ್ಪಳ ಕೇಳಿಸಿತು. ಹೊರಬಂದು ನೋಡಿದರೆ ಗಂಗೂಬಾಯಿ ಚಷ್ಮಾವನ್ನು ಹಣೆಗೇರಿಸಿ ನಿಂತಿದ್ದಳು. ಎದುರಿಗೆ ನಡುಹಗಲ ಬಿಸಿಲಲ್ಲಿ, ಹಿಂದಿನ ದಿನವಷ್ಟೇ ಹಚ್ಚಿದ್ದ ಪಾಲಿಶಿನಲ್ಲಿ ಫಳಫಳ ಹೊಳೆಯುತ್ತ, ಮುಂಡಾಸು ಸುತ್ತಿ, ಹುರಿಮೀಸೆ ಬಿಟ್ಟು, ಕತ್ತಿ ಹಿರಿದು, ಕುದುರೆಯೇರಿ ಕುಳಿತಿದ್ದ ನೌಕಾವೀರ.

“ನನ್ನಪ್ಪಾ! ಮೈಲಾರಲಿಂಗಾ!” ಎಂದಳು ಗಂಗೂಬಾಯಿ. ಆಮೇಲೆ, ಕಣ್ಣಿನ ಡಾಕ್ಟರು ಹೇಳಿಕೊಟ್ಟಂತೆ ಮೇಲಿನಿಂದ ಕೆಳಗೆ ಒಂದೊಂದನ್ನೇ ಓದಿದಳು. “ಮುಂಡಾಸಾ ಅದ. ಮೀಸಿ ಅದ. ಖಡ್ಗ ಅದ. ಕುದರಿ ಅದ. ಕಾಲಾಗ ಗುಂಗುರು ಕೂದಲಿನ ರಾಕ್ಷಸ ಬಿದ್ದಾನ...”

ರಾಕ್ಷಸನೆಂದರೆ ಸಮಿತಿ ಮಂಜೂರು ಮಾಡಿದ ಸಮುದ್ರ.

“ಅತ್ಯಾ, ಇದು...” ಎಂದು ಮಧುಕರ ಬಾಯಿ ತೆರೆದ. ಅಷ್ಟರಲ್ಲಿ, ನೆರಳಿಗೆಂದು ಬಟ್ಟೆಯೊಳಗೆ ಮಲಗಿ ಅಭ್ಯಾಸವಾಗಿದ್ದ ಒಂದು ಬೀದಿನಾಯಿ ಕುದುರೆಯ ಹೊಟ್ಟೆಯ ಕೆಳಗಿನಿಂದ ಎದ್ದು ಮೈ ಮುರಿಯಿತು.

“ನಾಯಿನೂ ಅದಲ್ಲೋ ಮಧೂ!”

ಮೈಲಾರಲಿಂಗನ ಜೊತೆ ನಾಯಿಯೊಂದು ಇದ್ದೇ ಇರಬೇಕು. ನಾಯಿಯೂ ಬಂದ ಮೇಲೆ ಅತ್ಯಾನ ಪಾಲಿಗೆ ಸಂಶಯಕ್ಕೆ ಜಾಗ ಉಳಿಯಲಿಲ್ಲ. ಮಧುಕರನ ಕಣ್ಣ ಮುಂದೆ ಮುಂದಿನ ದಾರಿ ಹಾದುಹೋಯಿತು: ಘಾಟು, ಘಾಟಿನ ತುಂಬ ಗಾಡಿಗಳು, ಒಂದೊಂದು ಗಾಡಿಗೂ ಅತ್ಯಾನ ಒಂದೊಂದು ಬ್ರೇಕು, ಅದಾದ ಮೇಲೆ ಗುಡ್ಡದ ಅಷ್ಟೂ ಮೆಟ್ಟಿಲು, ಸಂಜೆಗೆ ಸಮಿತಿಯ ಮೀಟಿಂಗು. ಸುಳ್ಳು ಹೇಳಬೇಕೆಂದು ಅವನು ಹೇಳಲಿಲ್ಲ, ಪಾಪ. ನಿಜ ಹೇಳಲೆಂದು ತೆರೆದ ಬಾಯಿ ಅರ್ಧಕ್ಕೇ ಮುಚ್ಚಿತು, ಅಷ್ಟೇ.

“ಮೆಟ್ಟಲಾ ಎಲ್ಲಿ ಹೋದ್ವೋ? ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಕೂಡಿಸಿಕೊಂಡು ಹತ್ತಿದ್ದಾ. ಹತ್ತಿ ಹತ್ತಿ ಬೆವರಿನಾಗ ತೊಯ್ದಿದ್ದಾ.”

“ವಯಸ್ಸಾದವರಿಗೆ ಕೆಳಗ ವ್ಯವಸ್ಥಾ ಮಾಡ್ಯಾರ ಅತ್ಯಾ.”

“ಯಾರು, ಸರಕಾರದವರು?”

“ಹೂಂ. ಮೊಣಕಾಲ ನೋವಿನವರಿಗೆ.”

“ಪುಣ್ಯಾ ಕಟಗೊಂಡ್ರು ನೋಡು,” ಎಂದ ಗಂಗೂಬಾಯಿ ಚೀಲದ ಬಾಯಿ ಬಿಚ್ಚಿ, ಎರಡೂ ಬೊಗಸೆ ತುಂಬಿ, “ಏಳುಕೋಟಿ ಏಳುಕೋಟಿಗೋ!” ಎಂದು ಕೂಗಿ ಭಂಡಾರ ತೂರಿದಳು. ಗಾಳಿ ಕೆರೆಯ ಕಡೆಯಿಂದ ಬೀಸುತ್ತಿತ್ತು. ಅರ್ಧ ಸರದಾರನಿಗೆ, ಅರ್ಧ ಮಧುಕರನಿಗೆ ಸಂದಿತು.

ಸ್ಮಾರಕದ ಆಚೆ ಕಂಪೌಂಡು ಕಟ್ಟುತ್ತಿದ್ದರು. ಆ ಕಡೆಯಿಂದಲೂ ಯಾರೋ “ಏಳುಕೋಟಿ!” ಎಂದು ಮಾರ್ದನಿ ಕೊಟ್ಟರು. ನೋಡುವಷ್ಟರಲ್ಲಿ ಕರಣಿ ಹಿಡಿದ ಹುಲಿಗೆಪ್ಪ, ಸಿಮೆಂಟಿನ ಪುಟ್ಟಿ ಹೊತ್ತ ಅವನ ಹೆಂಡತಿ ಶರಣಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅವನ ತಾಯಿ ಅವ್ವಮ್ಮ ಓಡಿಬಂದರು. ಯಾದಗಿರಿ ಕಡೆಯವರು, ಇವತ್ತು ಜೇಜುರಿಗೆ ಹೋಗುತ್ತೇವೆಂದರೆ ಗುತ್ತಿಗೆದಾರ ರಜೆ ಕೊಟ್ಟಿರಲಿಲ್ಲ.

“ಯಪ್ಪಾ ಮಲ್ಲಯ್ಯಾ!” ಎಂದು ಮೈಲಾರಲಿಂಗನನ್ನು ತಮ್ಮ ಕಡೆಯ ಹೆಸರಿನಿಂದ ಕರೆದು ಹುಲಿಗೆಪ್ಪ ಅಡ್ಡಬಿದ್ದ. “ಎಲ್ಡು ತಿಂಗಳಿಂದ ಇವನ ಕಾಲಬುಡಕ ಸಿಮಿಟ್ ಕಲಸಾಕತ್ತೀವ್ರಿ. ಒಳಗ ಮಲ್ಲಯ್ಯ ಅದಾನ ಅಂತ ಒಬ್ಬರರ ಹೇಳಬೇಕಿಲ್ರಿ!”

“ನಮಗ ರಜಾ ಕೊಡ್ಲಿಲ್ಲಂತ ತಾನ ಬಂದಾನ ಬುಡು,” ಎಂದಳು ಅವ್ವಮ್ಮ.

ಗಂಗೂಬಾಯಿ ಧಾರಾಳಿ. ಚೀಲವನ್ನು ಅವರ ಮುಂದೆ ಹಿಡಿದಳು. ಕಂಪೌಂಡಿನ ಉಳಿದವರೂ ಬಂದರು. ಮಧುಕರ ಬಟ್ಟೆಯನ್ನು ಎದೆಗವಚಿಕೊಂಡು “ಸಾಕ್ರಪಾ, ಸಾಕು” ಎನ್ನುತ್ತಿರುವಾಗಲೇ ಭಂಡಾರದ ಚೀಲ ಖಾಲಿಯಾಯಿತು.

ಒಣಗಿದ ಪುತ್ಥಳಿಯಾಗಿದ್ದರೆ ಒಂದು ಕೊಡ ನೀರು ಸಾಕಾಗುತ್ತಿತ್ತು. ಪಾಲಿಶು ಹಸಿಯಾಗಿತ್ತು. ನೆಲಕ್ಕೆ ಬೀಳಬೇಕಾದ ಭಂಡಾರವೆಲ್ಲ ಸರದಾರನ ಮೀಸೆಯಿಂದ ಕುದುರೆಯ ಗೊರಸಿನವರೆಗೆ ಅಂಟಿ ಕೂತಿತು.

ಮರುದಿನ ಮಧುಕರ ಬಣ್ಣದ ಅಂಗಡಿಯಿಂದ ಥಿನ್ನರಿನ ಡಬ್ಬಿ ತಂದು ಹುಲಿಗೆಪ್ಪನನ್ನು ಪಕ್ಕಕ್ಕೆ ಕರೆದ.

“ಇದರಾಗ ಅರಿವಿ ಅದ್ದಿ ತಿಕ್ಕಿಬಿಡು. ಯಾರಿಗೂ ಹೇಳಬ್ಯಾಡ.”

“ಮಲ್ಲಯ್ಯನ ಭಂಡಾರ ತಿಕ್ಕಿ ತಗೀಬೇಕ್ರಿ?” ಹುಲಿಗೆಪ್ಪ ಕರಣಿಯನ್ನು ಕೆಳಗಿಟ್ಟ. “ನನ್ನ ಮಕ್ಳು ಮರಿ ಚಂದಾಗಿರಬೇಕ್ರಿ ಸಾಹೇಬ್ರ.”

“ಏ, ಅದು ದೇವರಲ್ಲಪಾ. ಸರದಾರ. ಸಮುದ್ರದಾಗ ವೈರಿಗಳ ಹಡಗ ಮುಳಗಿಸಿದಾಂವ.”

ಹುಲಿಗೆಪ್ಪ ಪುತ್ಥಳಿಯನ್ನು ಬಹಳ ಹೊತ್ತು ನೋಡಿದ. “ಕುದುರಿ ಮ್ಯಾಲ ಕುಂತೇನ್ರಿ?” ಎಂದು ವಿನಯದಿಂದ ಕೇಳಿದ.

ಮಧುಕರ ತಾನೇ ಏಣಿ ಹತ್ತಿದ. ಥಿನ್ನರು ತನ್ನ ಧರ್ಮಕ್ಕೆ ತಕ್ಕಂತೆ ಪಾಲಿಶನ್ನು ಕರಗಿಸಿತು. ಕರಗಿದ ಪಾಲಿಶಿನೊಳಗೆ ಅರಿಷಿಣ ಇಳಿಯಿತು. ಅಲ್ಲಲ್ಲಿ ತೇಪೆಯಂತಿದ್ದ ಹಳದಿ ಈಗ ಸರಿಸಮನಾಗಿ ಹರಡಿ, ಸರದಾರ ಎಣ್ಣೆಶಾಸ್ತ್ರ ಮುಗಿಸಿದ ಮದುಮಗನಂತೆ ಕಂಗೊಳಿಸಿದ. ಮಧುಕರ ಗಡಿಬಿಡಿಯಿಂದ ಬಟ್ಟೆ ಮುಚ್ಚಿದ. ಯಾರೂ ಇಣುಕಬಾರದೆಂದು, ಒಂದೇ ಎಳೆತದ ಗಂಟನ್ನು ಕೈಬಿಟ್ಟು, ಲಗೇಜು ಕಟ್ಟುವ ಗಂಟು, ಗೋಣಿಚೀಲದ ಗಂಟು, ಎತ್ತಿಗೆ ಹಾಕುವ ಗಂಟು, ಗೊತ್ತಿದ್ದದ್ದು ಗೊತ್ತಿಲ್ಲದ್ದು ಎಲ್ಲವನ್ನೂ ಬಿಗಿದ.

ಇಳಿದು ತಿರುಗಿದರೆ ಲೋಕನಾಥರಾವ್ ನಿಂತಿದ್ದ. ಬಿಳಿ ಬಟ್ಟೆ, ಬಿಳಿ ಬೂಟು, ಹಿಂದೆ ನಾಲ್ಕು ಜನ.

“ಹುದ್ದಾರಸಾಹೇಬ, ತೆಗೀರಿ ನೋಡೋಣ. ನಮ್ಮ ಮುತ್ತಜ್ಜನ ಮುಖ ಒಮ್ಮೆ ಕಣ್ಣಿಗೆ ಬೀಳಲಿ,” ಎಂದ ಮರಾಠಿಯಲ್ಲಿ.

“ಅನಾವರಣಕ್ಕೆ ಮೊದಲು ವಂಶದವರು ನೋಡಬಾರದು ಸಾಹೇಬ,” ಎಂದುಬಿಟ್ಟ ಮಧುಕರ. “ನಮ್ಮ ಕರ್ನಾಟಕದ ಕಡೆ ಅದು ಶುಭವಲ್ಲ. ನಿಂತ ಚುನಾವಣೆ ಬಿದ್ದುಹೋಗುತ್ತೆ.”

ಲೋಕನಾಥರಾವ್ ಎರಡು ಹೆಜ್ಜೆ ಹಿಂದೆ ಸರಿದ. ಹೋಗುವ ಮುಂಚೆ ಬಿಳಿ ಬೂಟಿನ ತುದಿಯಿಂದ ಫಲಕದ ಬಲಮೂಲೆಯನ್ನು ಮೆಲ್ಲಗೆ ತಟ್ಟಿದ. “ಗುರುವಾರ ಪರದೆ ಒಂದೇ ಎಳೆತಕ್ಕೆ ಬೀಳಬೇಕು. ಏನಾದರೂ ಎಡವಟ್ಟಾದರೆ, ಈ ಕಲ್ಲು ಕೆತ್ತಿದವನು ಇನ್ನೂ ಇದೇ ಊರಿನಲ್ಲಿದ್ದಾನೆ, ತಿಳಿಯಿತೇ?”

ಮಧುಕರ ಮನೆಗೆ ಬಂದಾಗ ಗಂಗೂಬಾಯಿ ಫೋನಿನಲ್ಲಿದ್ದಳು. ಖಾನಾಪುರ ದೂರವೆಂದು ಅವಳು ಯಾವಾಗಲೂ ಕೂಗಿಯೇ ಮಾತಾಡುವವಳು.

“ಹೌದೋ ಗುರಣ್ಣ! ಮೆಟ್ಟಲಾನೇ ಇಲ್ಲ! ಕಾರಿನಿಂದ ಇಳದೀ, ಎದುರಿಗೆ ದೇವರು! ಸರಕಾರದವರು ಮೊಣಕಾಲಿನವರಿಗೆ ಕೆಳಗ ತಂದು ಕೂಡಿಸ್ಯಾರ! ನಿನ್ನ ಕಾಲಿಗೂ ಆಗ್ತದ. ಬಾಜೂಮನಿ ಈರಬಸಪ್ಪಗೂ ಹೇಳು! ಗಾಡಿ ಮಾಡಕೊಂಡು ಬರ್ರಿ!”

ಮಧುಕರ ಬಾಗಿಲ ಚೌಕಟ್ಟು ಹಿಡಿದುಕೊಂಡ. ಪೂರ್ವಾ ಅವನ ಕಿವಿಯ ಹಿಂದೆ ಉಳಿದಿದ್ದ ಹಳದಿಯನ್ನು ಬೆರಳಿನಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು. “ನೀವು ಅತ್ಯಾನ್ನ ಎಲ್ಲಿಗೆ ಕರಕೊಂಡು ಹೋಗಿದ್ರಿ ಅಂತ ನಾ ಕೇಳೂದಿಲ್ಲ,” ಎಂದಳು. “ಕೇಳಿದ್ರ ನನಗೂ ಪಾಪ ಹತ್ತತದ.”

ಗುರುವಾರ ಕೆರೆಯ ದಂಡೆ ತುಂಬಿತ್ತು. ವೇದಿಕೆಯ ಮೇಲೆ ಮಂತ್ರಿಗಳು, ಅವರ ಪಕ್ಕ ಮುಂಬಯಿಯಿಂದ ಬಂದ ಒಬ್ಬ ಮುದಿ ನಿವೃತ್ತ ನೌಕಾ ಅಧಿಕಾರಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪರದೆ ಬಿದ್ದ ಕೂಡಲೇ ಬಾರಿಸಬೇಕೆಂದು ಬ್ಯಾಂಡಿನವರಿಗೆ ಹೇಳಿಟ್ಟಿತ್ತು. ಲೋಕನಾಥರಾವ್ ತನ್ನ ಭಾಷಣದಲ್ಲಿ ಪರದೇಶಿ ಹಡಗನ್ನು ಇನ್ನೇನು ಮುಳುಗಿಸಬೇಕು, ಅಷ್ಟರಲ್ಲಿ ಮಧುಕರನ ಮೊಬೈಲು ಗುರ್ರೆಂದಿತು.

“ನಾ ಪೂರ್ವಾ ಮಾತಾಡ್ತೀನಿ. ಖಾನಾಪುರದ ಟೆಂಪೋ ಬಂತು. ಅತ್ಯಾ ಮುಂದಿನ ಸೀಟಿನಾಗ ಕೂತು ಜೇಜುರಿಗೆ ದಾರಿ ತೋರಸಲಿಕ್ಕತ್ತಾರ. ಈಗ ಕೆರಿ ಕಡೆ ಹೊರಳಿದ್ವಿ.”

ಟೆಂಪೋ ಪೆಂಡಾಲಿನ ಪಕ್ಕವೇ ಬಂದು ನಿಂತಿತು. ಒಬ್ಬರ ಹೆಗಲು ಒಬ್ಬರು ಹಿಡಿದು, ಮೊಣಕಾಲಿಗೆ ಪಟ್ಟಿ ಸುತ್ತಿದವರು, ಕೋಲು ಊರಿದವರು, ಸೊಂಟ ಹಿಡಿದವರು ಇಳಿಯತೊಡಗಿದರು. ಪ್ರತಿಯೊಬ್ಬರ ಕೈಯಲ್ಲೂ ಭಂಡಾರದ ಪೊಟ್ಟಣ, ತೆಂಗಿನಕಾಯಿ.

“ಗದ್ಲ ಭಾಳ ಅದಲ್ಲೋ,” ಎಂದ ಗುರಣ್ಣ, ಕುರ್ಚಿಯೊಂದರ ಮೇಲೆ ಕುಸಿಯುತ್ತ. “ಆದ್ರ ಮೆಟ್ಟಲಾ ಮಾತ್ರ ಖರೇ ಇಲ್ಲ.”

ಮಂತ್ರಿಗಳು ಎದ್ದರು. ಹಗ್ಗ ಹಿಡಿದರು. ಎಳೆದರು. ಬ್ಯಾಂಡು ಬಾರಿಸಿತು. ಬಟ್ಟೆ ಬೀಳಲಿಲ್ಲ. ಬ್ಯಾಂಡು ನಿಂತಿತು. ಮಂತ್ರಿಗಳು ನಕ್ಕು, ತೋಳೇರಿಸಿ, ಇನ್ನೊಮ್ಮೆ ಎಳೆದರು. ಬ್ಯಾಂಡು ಬಾರಿಸಿತು. ಬಟ್ಟೆ ಬೀಳಲಿಲ್ಲ. ಲೋಕನಾಥರಾವ್ ಕೈಹಾಕಿದ. ಅಂಗರಕ್ಷಕ ಕೈಹಾಕಿದ. ಈ ಸಲ ಮೇಲಿನಿಂದ ಕಿರ್ರೆಂದು ಸಪ್ಪಳವಾಯಿತು. ಕುದುರೆಯೇ ಇಳಿದುಬರುವ ಹಾಗಿತ್ತು. ಬ್ಯಾಂಡಿನವರು ಬಾರಿಸಬೇಕೋ ಬೇಡವೋ ತಿಳಿಯದೆ ಒಬ್ಬೊಬ್ಬರೇ ತಮಗೆ ತೋಚಿದಷ್ಟು ಊದಿದರು.

ಆ ಗದ್ದಲಕ್ಕೆ ನಿದ್ದೆಗೆಟ್ಟ ನಾಯಿ ಬಟ್ಟೆಯ ಅಂಚು ಎತ್ತಿ ಹೊರಬಂದು ಮಂತ್ರಿಗಳ ಮುಂದೆ ಬಾಲ ಅಲ್ಲಾಡಿಸಿತು.

“ನಾಯಿ ಬಂತು!” ಎಂದು ಗಂಗೂಬಾಯಿ ಹಿಂದಿನಿಂದ ಸಾರಿದಳು. “ಎಲ್ಲಾರೂ ಭಂಡಾರ ಬಿಚ್ಚಕೋರಿ!”

ಯಾರೂ ಕರೆಯದೆಯೇ ಹುಲಿಗೆಪ್ಪ ಏಣಿ ಹತ್ತಿದ್ದ. ಕರಣಿಯ ಅಂಚಿನಿಂದ ಹಗ್ಗ ಕೊಯ್ದ. ಬಟ್ಟೆ ಬಿತ್ತು.

ಸರದಾರ ಭಿವಾಜಿರಾವ್ ಪಾಣಕರ ಹಳದಿ ಮುಂಡಾಸು, ಹಳದಿ ಮೀಸೆ, ಹಳದಿ ಕತ್ತಿ, ಹಳದಿ ಕುದುರೆಯೊಡನೆ ಜನಕ್ಕೆ ದರ್ಶನ ಕೊಟ್ಟ. ಏಣಿ ನಿಲುಕದ ಬಾಲವೊಂದು ಮಾತ್ರ ಕಪ್ಪಗಿತ್ತು. ಈಗ ಬಾರಿಸಬೇಕಾದ ಬ್ಯಾಂಡು ಬಾಯಿ ತೆರೆದುಕೊಂಡು ಕೂತುಬಿಟ್ಟಿತು.

“ಯಾರು?” ಎಂದ ಲೋಕನಾಥರಾವ್. ದನಿ ಎಷ್ಟು ಮೆಲ್ಲಗಿತ್ತೆಂದರೆ ಹಿಂದಿದ್ದ ನಾಲ್ಕು ಜನ ಎಂಟು ಹೆಜ್ಜೆ ಸರಿದರು. “ನಮ್ಮ ಮುತ್ತಜ್ಜನಿಗೆ ಅರಿಷಿಣ ಬಳಿದವನು ಯಾರು?”

ಗುತ್ತಿಗೆದಾರ ಏಣಿಯಿಂದ ಇಳಿಯುತ್ತಿದ್ದ ಹುಲಿಗೆಪ್ಪನ ಕೊರಳಪಟ್ಟಿ ಹಿಡಿದ. “ಇವನೇ ಸಾಹೇಬ! ಸೋಮವಾರ ಇವರೆಲ್ಲ ಮೈತುಂಬ ಹಳದಿ ಮಾಡಿಕೊಂಡು ತಿರುಗುತ್ತಿದ್ದರು. ಇವನನ್ನು ಇವತ್ತೇ ಕೆಲಸದಿಂದ ತೆಗೀತೀನಿ.”

“ಕೆಲಸದಿಂದ ಆಮೇಲೆ. ಮೊದಲು ಪೊಲೀಸರನ್ನು ಕರೀರಿ.”

ಹುಲಿಗೆಪ್ಪ ಮಧುಕರನ ಕಡೆ ನೋಡಿದ. ಮಧುಕರ ಫಲಕದ ಕಡೆ ನೋಡಿದ. ಬಲಮೂಲೆಯಲ್ಲಿ ಅವನ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ಚಂದವಾಗಿ ಅದು ಹಿಂದೆಂದೂ ಹೊಳೆದಿರಲಿಲ್ಲ. ಅವನು ಕಣ್ಣು ಮುಚ್ಚಿ ಮೈಕಿಗೆ ಬಾಯಿ ಕೊಟ್ಟ.

“ಮೀ... ಮೀಚ್...” ಎಂದು ಮರಾಠಿಯಲ್ಲಿ ಸುರುಮಾಡಿದ. ಸಂಕಟದಲ್ಲಿ ಮರಾಠಿ ಕೈಕೊಟ್ಟಿತು. “ನಾನ್ರೀ! ನಾನ! ಅವಂದೇನೂ ತಪ್ಪಿಲ್ಲ, ಅವನ್ನ ಬಿಡ್ರಿ! ಪರದಾ ಕೆಡವಿದಾಂವ ನಾನು, ಅತ್ಯಾಗ ಇದ ಜೇಜುರಿ ಅಂತ ಹೇಳಿದಾಂವ ನಾನು! ಅಂವಾ ದೇವರಲ್ರೀ, ಸರದಾರ!”

ಧ್ವನಿವರ್ಧಕ ಅದನ್ನು ಕೆರೆಯ ಆಚೆದಡಕ್ಕೂ ಮುಟ್ಟಿಸಿತು. ಮಂತ್ರಿಗಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಖಾನಾಪುರದವರಿಗೆ ಪೂರಾ ತಿಳಿಯಿತು. ಗುರಣ್ಣ ಕುರ್ಚಿಯಿಂದ ಅರ್ಧ ಎದ್ದ. ಗಂಗೂಬಾಯಿ ಜನರನ್ನು ಸರಿಸುತ್ತ ಮುಂದೆ ಬಂದು, ಕಪ್ಪು ಚಷ್ಮಾ ತೆಗೆದು, ಮಧುಕರನನ್ನು ನೋಡಿದಳು.

“ಏನಂದೀ? ದೇವರಲ್ಲಾ?”

“ಅಲ್ಲ ಅತ್ಯಾ. ತಪ್ಪಾತು. ನಿನ್ನ ನಾಳೆ ಖರೇ ಜೇಜುರಿಗೆ ಕರಕೊಂಡು ಹೋಗ್ತೀನಿ. ಹೆಗಲ ಮ್ಯಾಲೆ ಹೊತಗೊಂಡು ಮೆಟ್ಟಲಾ ಹತ್ತತೀನಿ.”

“ಮತ್ತ ಯಾರಂವಾ?”

“ಸರದಾರ. ಸಮುದ್ರದಾಗ ಹಡಗ ಮುಳಗಿಸಿದಾಂವ.”

ಗಂಗೂಬಾಯಿ ಕತ್ತೆತ್ತಿ ನೋಡಿದಳು. ಗುರಣ್ಣ ನೋಡಿದ. ಈರಬಸಪ್ಪ ನೋಡಿದ. ಅಷ್ಟೂ ಮೊಣಕಾಲಿನವರು ನೋಡಿದರು.

“ಕುದರಿ ಮ್ಯಾಲೆ ಕೂತು?” ಎಂದಳು ಗಂಗೂಬಾಯಿ.

ಮಧುಕರ ತಾನೂ ಕುದುರೆಯ ಕಡೆ ನೋಡಿದ.

“ಹುಚ್ಚ ಹಿಡದದ ಇವಗ. ಹಡಗಿನಾಂವಗ ಕುದರಿ ಎದಕ್ಕ ಬೇಕೋ? ಬಡವರ ಕೆಲಸಾ ಉಳಸಲಿಕ್ಕೆ ದೇವರನ್ನ ಇಲ್ಲ ಅಂತಾನ. ಇರಲಿ, ಮನಸ್ಸು ಛಲೋ ಅದ,” ಎಂದು ತೀರ್ಪು ಕೊಟ್ಟು, ಅವಳು ಪೊಟ್ಟಣ ಹರಿದು ಮೇಲಕ್ಕೆ ತೂರಿದಳು. “ಏಳುಕೋಟಿ ಏಳುಕೋಟಿಗೋ!”

“ಏಳುಕೋಟಿಗೋ!” ಎಂದರು ಖಾನಾಪುರದವರು. “ಏಳುಕೋಟಿಗೋ!” ಎಂದರು ಕಂಪೌಂಡಿನವರು. ಪೆಂಡಾಲಿನಲ್ಲಿದ್ದವರು ಪುಣೆಯ ಮಂದಿ. ಹಳದಿ ಹಾರುವುದನ್ನು ಕಂಡರೆ ಅವರ ಬಾಯಿ ಅವರ ಮಾತು ಕೇಳುವುದಿಲ್ಲ. ಇಡೀ ಸಭೆ ಎದ್ದು ನಿಂತು, “ಯಳಕೋಟ ಯಳಕೋಟ, ಜಯ ಮಲ್ಹಾರ!” ಎಂದು ಗರ್ಜಿಸಿತು. ಬ್ಯಾಂಡಿಗೆ ಕಡೆಗೂ ತನ್ನ ಹೊತ್ತು ಬಂತೆಂದು ತಿಳಿಯಿತು. ಮಂತ್ರಿಗಳ ತಲೆಯ ಮೇಲೆ ಒಂದು ಬೊಗಸೆ ಬಿತ್ತು. ಅವರು ತಮಗೆ ಅರಿವಿಲ್ಲದೆಯೇ ಕೈಜೋಡಿಸಿ, ಬೆರಳಿಗೆ ಹತ್ತಿದ್ದನ್ನು ಹಣೆಗೆ ಹಚ್ಚಿಕೊಂಡರು.

ಮಂತ್ರಿಗಳ ಕೈ ಜೋಡಿದ್ದನ್ನು ಕಂಡ ಲೋಕನಾಥರಾವ್ ತನ್ನ ಕೈಯನ್ನು ಅದಕ್ಕಿಂತ ಎತ್ತರದಲ್ಲಿ ಜೋಡಿಸಿದ. ಗುತ್ತಿಗೆದಾರ ಹಿಡಿದ ಕೊರಳಪಟ್ಟಿಯನ್ನು ಬಿಟ್ಟು, ಸುಕ್ಕು ತೀಡಿ, ತಾನೂ ಜೋಡಿಸಿದ. “ಬಂಧುಗಳೇ,” ಎಂದ ಲೋಕನಾಥರಾವ್ ಮೈಕಿನಲ್ಲಿ, “ನಮ್ಮ ಮುತ್ತಜ್ಜ ಯುದ್ಧಕ್ಕೆ ಹೊರಡುವ ಮುಂಚೆ ಕುಲದೈವದ ಭಂಡಾರ ಮೈಗೆ ಬಳಿದುಕೊಳ್ಳುತ್ತಿದ್ದ. ಆ ಕಾರಣಕ್ಕಾಗಿಯೇ ಈ ವಿಶೇಷ ಬಣ್ಣವನ್ನು ನಾನೇ ಸ್ವತಃ ಆರಿಸಿದೆ!”

ಇಬ್ಬರು ಇತಿಹಾಸಕಾರರೂ ಏಕಕಾಲಕ್ಕೆ ತಲೆಯಾಡಿಸಿದರು. ಅವರು ಒಂದು ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲು.

ಜನ ಚದುರುತ್ತಿದ್ದಾಗ ನೌಕಾ ಅಧಿಕಾರಿ ಮಧುಕರನ ಬಳಿ ಬಂದರು. ಅವರ ಬಿಳಿ ಕೂದಲೂ ಹಳದಿಯಾಗಿತ್ತು. ಸುತ್ತ ನೋಡಿ, ಗುಟ್ಟಿನಲ್ಲಿ ಹಿಂದಿಯಲ್ಲಿ ಕೇಳಿದರು: “ಹುದ್ದಾರಜೀ, ನಾನು ಇಡೀ ಜೀವಮಾನ ಹಡಗಿನಲ್ಲೇ ಕಳೆದವನು. ತಪ್ಪು ತಿಳೀಬೇಡಿ. ಈ ಕುದುರೆ...?”

ಇಷ್ಟು ದಿನ ಬಾರದ ಉತ್ತರ ಮಧುಕರನ ಬಾಯಿಗೆ ತಾನಾಗಿ ಬಂತು.

“ಹಡಗು ಮುಳುಗಿಸಿದ ಮೇಲೆ ಮನೆಗೆ ಹೋಗಬೇಕಲ್ಲ, ಸರ್.”

ಅಧಿಕಾರಿ ಕ್ಷಣ ಯೋಚಿಸಿ, “ಅದೂ ಸರಿ,” ಎಂದು, ಸರದಾರನಿಗೆ ನೆಟ್ಟಗೆ ನಿಂತು ಸೆಲ್ಯೂಟು ಹೊಡೆದು ಹೊರಟರು.

ಹಿಂದೆಯೇ ಲೋಕನಾಥರಾವ್ ಬಂದು ಮಧುಕರನ ಬೆನ್ನು ತಟ್ಟಿದ. “ಭಾಷಣ ಅರ್ಥವಾಗಲಿಲ್ಲ, ಆದರೆ ಜೋರಿತ್ತು. ನಿಮ್ಮ ಹೆಸರು ಆ ಕಲ್ಲಿನ ಮೇಲೆ ಕಾಯಂ, ಹುದ್ದಾರಸಾಹೇಬ. ಸೂರ್ಯ ಚಂದ್ರ ಇರುವತನಕ ಅದನ್ನು ಯಾರೂ ಮುಟ್ಟೋದಿಲ್ಲ.”

ಮಧುಕರನಿಗೆ ಎದೆ ತುಂಬಿಬಂತು. ಪೂರ್ವಾಳಿಗೆ ಹೇಳೋಣವೆಂದು ತಿರುಗಿದ. ಅವಳು ಪೀಠದ ಬುಡದಲ್ಲಿ ಅತ್ಯಾನ ತೋಳು ಹಿಡಿದು ನಿಂತಿದ್ದಳು. ಅತ್ಯಾನ ಕೈಯಲ್ಲಿ ದೊಡ್ಡದೊಂದು ತೆಂಗಿನಕಾಯಿ.

“ಮಧೂ, ಕಾಯಿ ಎಲ್ಲಿ ಒಡೀಬೇಕೋ?”

“ಅತ್ಯಾ, ಇಲ್ಲೆ ಕಾಯಿ ಒಡಿಯೂದಿಲ್ಲ...”

“ಒಡಿಯೂದಿಲ್ಲಂದ್ರ ಮತ್ತ ಇಷ್ಟು ಛಲೋ ನುಣುಪ ಕಲ್ಲ ಯಾಕ ಇಟ್ಟಾರ, ಬಗ್ಗಿದ್ರ ಕೈಗೆ ಸಿಗೂಹಂಗ? ಎಲ್ಲಾ ಮೊಣಕಾಲಿನವರಿಗೆ ಅಂತನ ಮಾಡ್ಯಾರ,” ಎಂದು ಗಂಗೂಬಾಯಿ ಚಷ್ಮಾ ಏರಿಸಿಕೊಂಡು ಬಗ್ಗಿದಳು.

ಬಲಮೂಲೆ ಅವಳ ಕೈಗೆ ಹತ್ತಿರವಾಗಿತ್ತು. ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಅದರ ಜೊತೆಗೆ ‘ಪರದೆ ವ್ಯವಸ್ಥೆ’ ಎನ್ನುವಷ್ಟನ್ನು ಉಳಿಸಿ, ಹೆಸರಿದ್ದ ಮೂಲೆಯ ತುಂಡು ಚಟ್ಟನೆ ಎಗರಿ, ದಂಡೆಯ ಮೇಲೆ ಒಮ್ಮೆ ಪುಟಿದು, ಕೆರೆಗೆ ಬಿದ್ದು ಮುಳುಗಿತು. ನಾಯಿ ನೀರಿನ ಅಂಚಿನವರೆಗೆ ಓಡಿಹೋಗಿ ನೋಡಿ, ಅದು ತೆಂಗಿನಕಾಯಿಯಲ್ಲವೆಂದು ಖಾತ್ರಿಯಾದ ಮೇಲೆ ವಾಪಸು ಬಂದಿತು.